ಬಡತನ ನಿವಾರಣೆಯಲ್ಲಿ ಸಾಲದ ಪಾತ್ರ

ಸಾಲವೆಂದೊಡನೆ ನಮ್ಮ ಗ್ರಾಮೀಣ ಜನರ ಮನಸ್ಸಿನಲ್ಲಿ ಮೂಡುವುದು ಭಯವೇ ಹೊರತು ಭರವಸೆಯಲ್ಲ. ಹೊಲಮನೆಗಳನ್ನು ಸಾಹುಕಾರನಲ್ಲಿ ಒತ್ತೆಯಿಟ್ಟು ಕಳೆದುಕೊಂಡ ತಲೆಮಾರುಗಳ ಅನುಭವವೇ ಇದಕ್ಕೆ ಕಾರಣ. ಆದರೂ ರೈತನಿಗೆ ಬೀಜ, ನೇಕಾರನಿಗೆ ನೂಲು, ಹೈನುಗಾರಿಕೆಗೆ ಎಮ್ಮೆ, ಇವಾವುವೂ ಬಂಡವಾಳವಿಲ್ಲದೆ ದೊರೆಯಲಾರವು. ಆದುದರಿಂದ ಯಾವ ಬಗೆಯ ಸಾಲವು ಬಡವನನ್ನು ಮೇಲೆತ್ತುತ್ತದೆ, ಯಾವುದು ಮುಳುಗಿಸುತ್ತದೆ ಎಂಬುದೇ ವಿಚಾರಾರ್ಹವಾದ ಪ್ರಶ್ನೆಯಾಗಿದೆ.

ಇದಕ್ಕೆ ಉತ್ತರ ಹುಡುಕುವ ಯತ್ನ ನಮ್ಮ ನಾಡಿನಲ್ಲಿ ಬಹು ಹಿಂದೆಯೇ ಆರಂಭವಾಯಿತು. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯಿದೆ ಬಂದಿತು. ಮರುವರ್ಷವೇ ಗದಗ ಸಮೀಪದ ಕಣಗಿನಹಾಳದಲ್ಲಿ ಶ್ರೀ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಸ್ಥಾಪಿತವಾಯಿತು. ಸಾಲ ಕೇಳುವವನ ದುಡಿಮೆಯನ್ನೂ ನಡತೆಯನ್ನೂ ನೆರೆಯವರೇ ಬಲ್ಲರು. ಆ ಅರಿವೇ ಜಾಮೀನಾಗಬಲ್ಲದೆಂಬುದು ಇಂಥ ಸಂಘಗಳ ಮೂಲತತ್ತ್ವ.

ತತ್ತ್ವವು ಸರಿಯಾಗಿದ್ದರೂ ಪ್ರಗತಿ ಮಂದವಾಗಿತ್ತು. 1951-52ರ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯಂತೆ, ರೈತರು ಪಡೆದ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಕೇವಲ ಶೇಕಡಾ 3ರಷ್ಟಿದ್ದರೆ, ಲೇವಾದೇವಿಗಾರರ ಪಾಲು ಶೇಕಡಾ 70ರ ಸಮೀಪದಲ್ಲಿತ್ತು. ಮುಂದೆ 1969ರಲ್ಲಿ ಹದಿನಾಲ್ಕು ಬ್ಯಾಂಕುಗಳ ರಾಷ್ಟ್ರೀಕರಣ, 1975ರಲ್ಲಿ ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳು, 1982ರಲ್ಲಿ ನಬಾರ್ಡ್, ಹೀಗೆ ಒಂದೊಂದಾಗಿ ವ್ಯವಸ್ಥೆಗಳು ಬಂದವು. 2019ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ವೇಳೆಗೆ ಗ್ರಾಮೀಣ ಸಾಲದ ಸುಮಾರು ಮೂರನೆಯ ಎರಡು ಭಾಗ ಸಾಂಸ್ಥಿಕ ಮೂಲಗಳದ್ದಾಗಿತ್ತು.

ಆದರೆ ಭೂಹೀನರಿಗೆ, ವಿಶೇಷವಾಗಿ ಸ್ತ್ರೀಯರಿಗೆ, ಬ್ಯಾಂಕಿನ ಬಾಗಿಲು ಸುಲಭವಾಗಿ ತೆರೆಯಲಿಲ್ಲ. ಅವರಲ್ಲಿ ಅಡವಿಡಲು ಆಸ್ತಿಯಿಲ್ಲ. ಚಿಕ್ಕ ಸಾಲದ ನಿರ್ವಹಣೆಗೆ ಬ್ಯಾಂಕಿಗೆ ತಗಲುವ ವೆಚ್ಚವೂ ಹೆಚ್ಚು. ಈ ತೊಡಕನ್ನು ಬಿಡಿಸಲು 1980ರ ದಶಕದಲ್ಲಿ ಕರ್ನಾಟಕದಲ್ಲಿ ಮೈರಾಡ ಸಂಸ್ಥೆಯು ಸ್ವಸಹಾಯ ಗುಂಪುಗಳ ಪ್ರಯೋಗ ನಡೆಸಿತು. 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಪ್ರಾಯೋಗಿಕ ಯೋಜನೆಯನ್ನು ಕೈಗೊಂಡಿತು. ಹತ್ತರಿಂದ ಇಪ್ಪತ್ತು ಮಂದಿ ಸೇರಿ ಮೊದಲು ತಾವೇ ಉಳಿತಾಯ ಮಾಡುತ್ತಾರೆ. ಆ ಹಣವನ್ನು ತಮ್ಮೊಳಗೇ ಸಾಲವಾಗಿ ಕೊಟ್ಟು, ಪಡೆದು, ಲೆಕ್ಕವಿಟ್ಟು ಪಳಗುತ್ತಾರೆ. ಅನಂತರವೇ ಬ್ಯಾಂಕು ಅವರ ಉಳಿತಾಯಕ್ಕೆ ಅನುಗುಣವಾಗಿ ಗುಂಪಿಗೆ ಸಾಲ ನೀಡುತ್ತದೆ. ಹೀಗೆ ಕಣಗಿನಹಾಳದ ಹಳೆಯ ತತ್ತ್ವವೇ ಹೊಸ ರೂಪದಲ್ಲಿ ಆಸ್ತಿಯಿಲ್ಲದವರನ್ನು ತಲುಪಿತು.

ಹಣ ಕೈಸೇರಿದ ಮಾತ್ರಕ್ಕೆ ಬಡತನ ನೀಗದು. ಎಮ್ಮೆ ಕೊಳ್ಳಲು ಸಾಲ ದೊರೆತರೂ ಮೇವು, ಪಶುವೈದ್ಯ, ಹಾಲು ಕೊಳ್ಳುವ ಸಂಘ ಹತ್ತಿರದಲ್ಲಿಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಎಮ್ಮೆ ಮಾರಾಟವಾಗಿ ಸಾಲವಷ್ಟೇ ಉಳಿಯುತ್ತದೆ. ಸಾಲದ ಕಂತು ದುಡಿಮೆಯ ಗತಿಗೆ ಹೊಂದಿಕೆಯಾಗಿರುವುದೂ ಅಗತ್ಯ. ಮಳೆಯನ್ನೇ ನಂಬಿದವನ ಆದಾಯ ಸುಗ್ಗಿಯಲ್ಲಿ ಬಂದರೆ, ವಾರದ ಕಂತು ಸುಗ್ಗಿಗಾಗಿ ಕಾಯುವುದಿಲ್ಲ. ಒಂದು ಸಾಲ ತೀರಿಸಲು ಮತ್ತೊಂದು, ಅದನ್ನು ತೀರಿಸಲು ಮಗದೊಂದು, ಹೀಗೆ ಉರುಳು ಬಿಗಿಯುತ್ತದೆ. ಬಲವಂತದ ವಸೂಲಿಯನ್ನು ತಡೆಯಲು ಆಂಧ್ರಪ್ರದೇಶವು 2010ರಲ್ಲಿಯೂ ನಮ್ಮ ರಾಜ್ಯವು 2025ರ ಫೆಬ್ರವರಿಯಲ್ಲಿಯೂ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಬಡವರಿಗೆಂದೇ ಹುಟ್ಟಿದ ಕಿರುಸಾಲವು ಹದ ತಪ್ಪಿದಾಗ ಹಳೆಯ ಸಾಹುಕಾರಿಕೆಗಿಂತ ಭಿನ್ನವಾಗಿ ಉಳಿಯುವುದಿಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಆದಕಾರಣ ಎಷ್ಟು ಸಾಲ ಹಂಚಲಾಯಿತು ಎಂಬುದು ಅಭಿವೃದ್ಧಿಯ ಅಳತೆಗೋಲಾಗಲಾರದು. ಸಾಲ ತೀರಿದ ಬಳಿಕ ಮನೆಯಲ್ಲಿ ದುಡಿಮೆಯ ಸಾಧನ ಉಳಿಯಿತೇ, ಮಕ್ಕಳು ಶಾಲೆಯಲ್ಲಿ ಮುಂದುವರಿದರೇ ಎಂಬುದನ್ನು ನೋಡಬೇಕು. ಈ ಕಾರ್ಯದಲ್ಲಿ ವಿದ್ಯಾವಂತರಿಗೂ ಪಾಲಿದೆ. ಬಡ್ಡಿಯ ಲೆಕ್ಕವನ್ನು ಊರಿನ ಉದಾಹರಣೆಗಳಿಂದ ಬೋಧಿಸುವ ಶಿಕ್ಷಕರು, ತಮ್ಮೂರಿನ ಗುಂಪಿನ ಪುಸ್ತಕವನ್ನು ವರ್ಷಕ್ಕೊಮ್ಮೆಯಾದರೂ ಪರಿಶೀಲಿಸಿಕೊಡುವ ಹಳೆಯ ವಿದ್ಯಾರ್ಥಿಗಳು, ಹಾಲಿನ ಸಂಘಕ್ಕೋ ನೂಲಿನ ಸಂಘಕ್ಕೋ ಕಟ್ಟಡ ಕಟ್ಟಿಸಿಕೊಡುವ ದಾನಿಗಳು ಮುಂದೆ ಬಂದರೆ, ಬ್ಯಾಂಕು ಕೊಡುವ ಹಣವು ಬಡವರ ಮನೆಯಲ್ಲಿ ನೆಲೆ ನಿಲ್ಲುವುದರಲ್ಲಿ ಸಂದೇಹವಿಲ್ಲ.