ಎಕೋ ವರದಿಯ ಶೇಕಡಾ 60 ಪರೀಕ್ಷೆಯ ಅಂಕವಲ್ಲ

ವೈದ್ಯಕೀಯ ನೆರವು ಕೋರಿ ನಮ್ಮ ಟ್ರಸ್ಟಿಗೆ ಬರುವ ಹೃದ್ರೋಗಿಗಳ ಅರ್ಜಿಯೊಂದಿಗೆ ಎಕೋ ವರದಿ ಇರುತ್ತದೆ. ಅದರಲ್ಲಿ ‘ಇ.ಎಫ್. 60%’ ಎಂದು ಕಂಡು, ಹೃದಯ ನೂರಕ್ಕೆ ಅರವತ್ತು ಪಾಲು ಮಾತ್ರ ಕೆಲಸ ಮಾಡುತ್ತಿದೆ ಎಂದು ಮನೆಯವರು ಕಂಗಾಲಾಗುವುದುಂಟು. ಮಕ್ಕಳ ಅಂಕಪಟ್ಟಿ ನೋಡಿ ರೂಢಿಯಾದ ಕಣ್ಣು! ಆದರೆ ಆರೋಗ್ಯವಂತ ಹೃದಯವೂ ತುಂಬಿಕೊಂಡ ರಕ್ತವನ್ನೆಲ್ಲ ಒಂದೇ ಬಡಿತಕ್ಕೆ ಹೊರಹಾಕುವುದಿಲ್ಲ. ಎಡಭಾಗದ ಕೆಳಕೋಣೆಯಲ್ಲಿ 120 ಮಿ.ಲೀ. ತುಂಬಿ 70 ಮಿ.ಲೀ. ಹೊರಟರೆ ಇ.ಎಫ್. ಸುಮಾರು 58. ಇದು ಸಹಜವೇ. 40ಕ್ಕಿಂತ ಕೆಳಗಿದ್ದರೆ ಹೃದಯದ ಸ್ನಾಯು ದುರ್ಬಲವಾಗಿದೆ ಎಂದರ್ಥ, ಚಿಕಿತ್ಸೆ ತಡಮಾಡಬಾರದು. ಇ.ಎಫ್. ಸರಿಯಿದ್ದ ಮಾತ್ರಕ್ಕೆ ಎಲ್ಲವೂ ಸರಿ ಎಂದೂ ಅಲ್ಲ, ವರದಿಯನ್ನು ವೈದ್ಯರಿಗೆ ತೋರಿಸಿಯೇ ತಿಳಿಯಬೇಕು.

ಈ ಪರೀಕ್ಷೆಗೆ ಎಕ್ಸ್‌ರೇ ಇಲ್ಲ, ಸಾಮಾನ್ಯವಾಗಿ ಸೂಜಿಯೂ ಇಲ್ಲ. ಕಿವಿಗೆ ಕೇಳಿಸದ ಶಬ್ದದ ಅಲೆ ಹೃದಯಕ್ಕೆ ತಾಗಿ ಮರಳುತ್ತದೆ, ಅದರಿಂದ ಚಿತ್ರ ಮೂಡುತ್ತದೆ. 1953ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್, ಲೋಹದ ಬಿರುಕು ಹುಡುಕುವ ಯಂತ್ರವನ್ನೇ ಎದೆಗಿಟ್ಟು ಹೃದಯದ ಚಲನೆಯನ್ನು ದಾಖಲಿಸಿದರು.

ನಿಮಿಷಕ್ಕೆ ಎಷ್ಟು ರಕ್ತ ಹರಿಯುತ್ತದೆ ಎಂಬುದು ನೀರಿನ ಪೈಪಿನ ಲೆಕ್ಕದಂತೆಯೇ. ರಕ್ತ ಹೊರಡುವ ದಾರಿಯ ವ್ಯಾಸ 2 ಸೆಂ.ಮೀ. ಇದ್ದರೆ ವಿಸ್ತೀರ್ಣ 3.14 ಚದರ ಸೆಂ.ಮೀ. ಹರಿಯುವ ರಕ್ತಕ್ಕೆ ತಾಗಿದ ಅಲೆಯ ಸ್ವರ ಬದಲಾಗುತ್ತದೆ. ಅದರಿಂದ ರಕ್ತದ ವೇಗ ತಿಳಿಯುವ ವಿಧಾನವೇ ಡಾಪ್ಲರ್. ಬಡಿತಕ್ಕೆ ರಕ್ತ 20 ಸೆಂ.ಮೀ. ಮುಂದೆ ಸಾಗಿದೆ ಎಂದು ಡಾಪ್ಲರ್ ತೋರಿಸಿದರೆ, ಗುಣಿಸಿದಾಗ ಸುಮಾರು 63 ಮಿ.ಲೀ. ನಿಮಿಷಕ್ಕೆ 72 ಬಡಿತವಾದರೆ ನಾಲ್ಕೂವರೆ ಲೀಟರ್. ಅದೇ ವ್ಯಾಸವನ್ನು 1.8 ಎಂದು ಅಳೆದುಬಿಟ್ಟರೆ? ಉತ್ತರ 3.7 ಲೀಟರಿಗೆ ಇಳಿಯುತ್ತದೆ. ಎರಡೇ ಮಿಲಿಮೀಟರ್ ತಪ್ಪಿಗೆ ಸುಮಾರು ಐದನೇ ಒಂದು ಭಾಗ ರಕ್ತ ಲೆಕ್ಕದಿಂದ ಮಾಯ.

ಆದ್ದರಿಂದ ಯಂತ್ರದಷ್ಟೇ ಅದನ್ನು ಹಿಡಿಯುವ ಕೈಯೂ ಮುಖ್ಯ. ಯಂತ್ರ ಕೊಡಿಸಲು ಮುಂದೆ ಬರುವ ದಾನಿಗಳಿಗೆ ಅಲ್ಲಾಹನು ಒಳಿತಿನ ಪ್ರತಿಫಲ ನೀಡಲಿ. ಆ ಕೈಗಳನ್ನು ಓದಿಸುವುದೂ ಅಷ್ಟೇ ದೊಡ್ಡ ಸದಕಾ ಎಂದು ನಾವು ಭಾವಿಸುತ್ತೇವೆ. ಪಿಯುಸಿ ವಿಜ್ಞಾನ ಓದಿದವರಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಡಿ ಬಿ.ಎಸ್ಸಿ. ಕಾರ್ಡಿಯಾಕ್ ಕೇರ್ ಟೆಕ್ನಾಲಜಿ ಪದವಿ ಇದೆ. ಎಂ.ಬಿ.ಬಿ.ಎಸ್. ಸೀಟು ಸಿಗಲಿಲ್ಲವೆಂದು ಮಕ್ಕಳ ಓದು ನಿಲ್ಲಿಸುವ ಪೋಷಕರು ಇದನ್ನು ಗಮನಿಸಬೇಕು. ಎದೆಯ ಮೇಲೆ ನಡೆಯುವ ಪರೀಕ್ಷೆ, ಗಂಡಸರು ಮಾಡುತ್ತಾರೆಂಬ ಸಂಕೋಚದಿಂದ ದಿನ ಮುಂದೂಡುವ ತಾಯಂದಿರು ನಮ್ಮಲ್ಲಿದ್ದಾರೆ. ಈ ಪದವಿಗೆ ಸೇರುವ ಹೆಣ್ಣುಮಕ್ಕಳು ವಿದ್ಯಾರ್ಥಿವೇತನಕ್ಕೆ ಖಂಡಿತ ಅರ್ಜಿ ಹಾಕಲಿ. ಪಿಯುಸಿ ಅಂಕಪಟ್ಟಿ, ಆದಾಯ ಪ್ರಮಾಣಪತ್ರ ಮತ್ತು ಕಾಲೇಜಿನ ಪ್ರವೇಶ ಪತ್ರದ ಪ್ರತಿಗಳನ್ನು ಜೊತೆಗಿಡಬೇಕು.