ನೀರಿದೆ, ಬೀಳುವ ಎತ್ತರವಿಲ್ಲ

"ಅಲ್ಲಾ ಸಾ, ನಾಲೆ ನೀರು ಹಗ್ಲೂ ರಾತ್ರಿ ಸುಮ್ನೆ ಹರ್ಕಂಡು ಹೋಯ್ತದೆ. ಇದ್ರಲ್ಲೇ ಒಂದು ಚಕ್ರ ತಿರುಗ್ಸಿ ಕರೆಂಟ್ ತೆಗ್ಯಕಾಗಕಿಲ್ವಾ?" ಕೆರಗೋಡಿನ ಗದ್ದೆ ಬದುವಿನ ಮೇಲೆ ನಿಂತು ಪರಿಚಯದ ರೈತರೊಬ್ಬರು ಕೇಳಿದರು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಯಾವಾಗ ಬರುತ್ತದೋ ಎಂದು ಕಾದು ನಿದ್ದೆಗೆಟ್ಟವರ ಪ್ರಶ್ನೆ ಅದು.

ಅಳೆದೇ ಬಿಡೋಣ ಎಂದೆ. ಗಾರೆ ಕೆಲಸದವರ ಮಟ್ಟದ ಪೈಪು ಹಿಡಿದಾಗ ಅವರ ಕಾಲುವೆಯ ಡ್ರಾಪಿನ, ಅಂದರೆ ನೀರು ಧುಮುಕುವ ಮೆಟ್ಟಿಲಿನ, ಎತ್ತರ ಮೂರಡಿ. ಧಾರಾಳವಾಗಿ ಒಂದು ಮೀಟರ್ ಎಂದುಕೊಂಡೆವು. ಆಮೇಲೆ ತೆಂಗಿನ ಕರಟ ತೇಲಿಬಿಟ್ಟು ಹರಿವಿನ ವೇಗ ನೋಡಿದೆವು. ಅದನ್ನು ನೀರಿನ ಅಗಲ, ಆಳಗಳಿಂದ ಗುಣಿಸಿ, ತಳದ ನೀರು ನಿಧಾನ ಹರಿಯುವುದರಿಂದ ಐದರಲ್ಲೊಂದು ಪಾಲು ಕಳೆದಾಗ ಸಿಕ್ಕಿದ್ದು ಹೆಚ್ಚುಕಡಿಮೆ ಒಂದು ಕ್ಯುಸೆಕ್. ಅಂದರೆ ಸೆಕೆಂಡಿಗೆ 28 ಲೀಟರ್.

ಲೆಕ್ಕ ಸುಲಭ. ಸೆಕೆಂಡಿಗೆ ಎಷ್ಟು ಲೀಟರ್, ಎಷ್ಟು ಮೀಟರ್ ಬೀಳುತ್ತದೆ, ಎರಡನ್ನೂ ಗುಣಿಸಿ ಮತ್ತೆ 9.8ರಿಂದ ಗುಣಿಸಿದರೆ ವ್ಯಾಟ್. ಸಣ್ಣ ಯಂತ್ರಗಳಲ್ಲಿ ಅದರ ಅರ್ಧ ಕೈಗೆ ಬಂದರೆ ಪುಣ್ಯ. ನಮಗೆ ಬಂದದ್ದು ಸುಮಾರು 140 ವ್ಯಾಟ್. ಐದು ಎಚ್‌ಪಿ ಮೋಟಾರಿಗೆ ಬೇಕಾದದ್ದು 3,700 ವ್ಯಾಟ್. ಅಷ್ಟಕ್ಕೆ ಅದೇ ಮೂರಡಿಯಲ್ಲಿ 27 ಕ್ಯುಸೆಕ್ ಧುಮುಕಬೇಕು. ಊರಿನ ಗದ್ದೆಗಳೆಲ್ಲ ನೀರು ಬಿಟ್ಟುಕೊಡಬೇಕು!

ಇದೇ ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿ ಸುಮಾರು 400 ಅಡಿ ಇಳಿಯುತ್ತಾಳೆ. ನಮ್ಮ ಆ ಒಂದು ಕ್ಯುಸೆಕ್ಕನ್ನು ಅಲ್ಲಿಗೆ ಒಯ್ದು ಬೀಳಿಸಿದರೆ ಅರ್ಧ ಕಳೆದರೂ 17 ಕಿಲೋವ್ಯಾಟ್. ದಿವಾನ್ ಶೇಷಾದ್ರಿ ಅಯ್ಯರ್ ಕಾಲದ ಅಲ್ಲಿನ ಜಲವಿದ್ಯುತ್ ಯೋಜನೆ 1902ರಲ್ಲೇ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿತು. ಬೆಂಗಳೂರಿನ ಬೀದಿಗಳಿಗೆ ಬೆಳಕು ಹೋದದ್ದು 1905ರಲ್ಲಿ. ಗದ್ದೆಗೆ ಸಮತಟ್ಟು ನೆಲ ವರ, ಟರ್ಬೈನಿಗೆ ಶಾಪ.

ರೈತರ ಸ್ವಂತ ಜಲವಿದ್ಯುತ್ ನೋಡಬೇಕೆಂದರೆ ಮಲೆನಾಡಿಗೇ ಹೋಗಬೇಕು. ಕಳಸ, ಶೃಂಗೇರಿ ಕಡೆ ಅಡಿಕೆ ತೋಟದ ಮೇಲಿನ ಗುಡ್ಡದಿಂದ ಪೈಪಿನಲ್ಲಿ ಇಳಿಯುವ ಅಬ್ಬಿ ನೀರು ಸೆಕೆಂಡಿಗೆ ಎರಡೇ ಲೀಟರ್ ಇದ್ದರೂ, 50 ಮೀಟರ್ ಎತ್ತರ ಸಿಕ್ಕರೆ 490 ವ್ಯಾಟ್ ಕೊಡುತ್ತದೆ. ಸಣ್ಣ ಮೂತಿಯಿಂದ ಚಿಮ್ಮಿದ ನೀರು ಪೆಲ್ಟನ್ ಚಕ್ರದ ಬಟ್ಟಲುಗಳಿಗೆ ಬಡಿಯುತ್ತದೆ. ಮರ ಬಿದ್ದು ಲೈನ್ ಕಡಿದು ವಾರಗಟ್ಟಲೆ ಕತ್ತಲಾಗುವ ಮಳೆಗಾಲದಲ್ಲೇ ಹಳ್ಳ ತುಂಬಿರುತ್ತದೆ ಎಂಬುದು ಅದರ ದೊಡ್ಡ ಗುಣ. ಒಂದು ತೊಡಕು: ಮನೆಯಲ್ಲಿ ದೀಪ ಆರಿಸಿದೊಡನೆ ಹೊರೆ ತಗ್ಗಿ ಚಕ್ರ ಹುಚ್ಚೆದ್ದು ತಿರುಗುತ್ತದೆ, ವೋಲ್ಟೇಜ್ ಏರಿ ಉಳಿದ ಬಲ್ಬುಗಳೂ ಸುಟ್ಟುಹೋಗುತ್ತವೆ. ಅದಕ್ಕೇ ಒಂದು ನಿಯಂತ್ರಕ ಪೆಟ್ಟಿಗೆ ಇರುತ್ತದೆ. ಬಳಸದೆ ಉಳಿದ ವಿದ್ಯುತ್ತನ್ನು ಅದು ಹೀಟರ್ ಕಾಯಿಲ್‌ಗೆ ತಿರುಗಿಸುತ್ತದೆ. ಪುಕ್ಕಟೆ ಬಿಸಿನೀರು!

ಹಾಗಾದರೆ ನಾಲೆಗಳಿಂದ ಕರೆಂಟ್ ಬರುವುದೇ ಇಲ್ಲವೇ? ಬರುತ್ತದೆ. ನಾರಾಯಣಪುರ ಎಡದಂಡೆಯ ಶಹಾಪುರ ಶಾಖಾ ಕಾಲುವೆಯ ಡ್ರಾಪ್‌ಗಳಲ್ಲಿ ಕಿರು ವಿದ್ಯುದಾಗಾರಗಳಿವೆ. ಆದರೆ ಅಲ್ಲಿರುವುದು ದೊಡ್ಡ ಕಾಲುವೆಯ ಹರಿವು, ಕಂಪನಿಯ ಬಂಡವಾಳ. ಇಲ್ಲಿ ಒಬ್ಬ ರೈತ ಕಾಲುವೆಗೆ ಚಕ್ರ ಅಡ್ಡ ಇಟ್ಟರೆ ನೀರಾವರಿ ನಿಗಮದವರಿಗಿಂತ ಮೊದಲು ಕೆಳಗದ್ದೆಯವರೇ ಬಂದು ನಿಲ್ಲುತ್ತಾರೆ.

ಇಷ್ಟೆಲ್ಲ ಕೇಳಿಯೂ ಅವರು ಬಿಡಲಿಲ್ಲ. "ವೋಗ್ಲಿ, ಆ ನೂರನಲವತ್ತರಲ್ಲಿ ಒಂದು ಫ್ಯಾನಾದ್ರೂ ತಿರುಗ್ತದಲ್ವಾ?"

ಧಾರಾಳವಾಗಿ ತಿರುಗುತ್ತದೆ. ಆದರೆ ಫ್ಯಾನ್ ಬೇಕಾಗುವ ಏಪ್ರಿಲ್‌ನಲ್ಲಿ ನಾಲೆಗೆ ನೀರು ಬಿಡುವುದು ಕನ್ನಂಬಾಡಿ ಕಟ್ಟೆಯಲ್ಲಿ ಉಳಿದಿದ್ದರೆ ಮಾತ್ರ.