ಚಳಿಗಾಲದ ಜ್ವರ: ರೇಷ್ಮೆ ಹುಳು ಪೊರೆ ಬಿಡುವಾಗ ಮಾಡಬೇಕಾದದ್ದು, ಮಾಡಬಾರದ್ದು



ಆಗಮನ ಕಾಲ ಬಂತೆಂದರೆ ಹೊಸೂರು, ತಳಿ, ಡೆಂಕಣಿಕೋಟೆ, ತಾಳವಾಡಿ ಕಡೆಯ ಹುಳುಮನೆಗಳಲ್ಲಿ ಒಂದೇ ದೂರು ಕೇಳಿಬರುತ್ತದೆ: "ಹುಳು ಜ್ವರ ಏಳ್ತಾ ಇಲ್ಲ ಸ್ವಾಮಿ." ಎರಡು ದಿನ ಕಳೆದರೂ ಹುಳುಗಳು ತಲೆ ಎತ್ತಿಕೊಂಡು ಕುಳಿತೇ ಇರುತ್ತವೆ. ಕೆಲವು ಎದ್ದು ಸೊಪ್ಪಿಗಾಗಿ ಹುಡುಕಾಡುತ್ತವೆ. ಕೆಲವಕ್ಕೆ ಹಳೆಯ ಪೊರೆ ಅರ್ಧ ಮಾತ್ರ ಕಳಚಿ ಬಾಲದ ಕಡೆ ಉಂಗುರದಂತೆ ಬಿಗಿದುಕೊಳ್ಳುತ್ತದೆ. ಅಂಥ ಹುಳು ಉಳಿಯುವುದು ಕಷ್ಟ. ಉಳಿದ ಬೆಳೆಯೂ ಏರುಪೇರಾಗಿ, ಗೂಡು ಹಗುರಾಗಿ, ಮಾರುಕಟ್ಟೆಯಲ್ಲಿ ಬೆಲೆ ಸಿಗುವುದಿಲ್ಲ. ಸಾಲ ಮಾಡಿ ಹುಳು ತಂದ ಮನೆಗೆ ಇದು ಸಣ್ಣ ನಷ್ಟವಲ್ಲ. ಆದ್ದರಿಂದ ಈ ತಿಂಗಳ ಅಂಕಣದಲ್ಲಿ ಚಳಿಗಾಲದ ಜ್ವರದ ಬಗ್ಗೆ ತಿಳಿಯೋಣ.

ಜ್ವರವೆಂದರೆ ಕಾಯಿಲೆಯಲ್ಲ

ನಮ್ಮ ಹಿರಿಯರು ಇದಕ್ಕೆ ಜ್ವರ ಎಂದು ಹೆಸರಿಟ್ಟರು. ಜ್ವರ ಬಂದ ಮಗುವಿನಂತೆ ಹುಳು ಊಟ ಬಿಟ್ಟು ಸುಮ್ಮನಾಗುತ್ತದೆ. ಆದರೆ ಇದು ರೋಗವಲ್ಲ, ಬೆಳವಣಿಗೆಯ ಒಂದು ಹಂತ. ಹಾವು, ಓತಿಕ್ಯಾತ, ಹಲ್ಲಿಗಳು ಪೊರೆ ಬಿಡುವುದನ್ನು ನಾವೆಲ್ಲರೂ ಕಂಡಿದ್ದೇವೆ. ರೇಷ್ಮೆ ಹುಳುವೂ ಹಾಗೆಯೇ. ಮೊಟ್ಟೆಯಿಂದ ಹೊರಬಂದ ಹುಳು ಹಣ್ಣಾಗುವ ಹೊತ್ತಿಗೆ ಅದರ ತೂಕ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚುತ್ತದೆ. ಅದರ ಹೊರಚರ್ಮವಾದರೋ ನಮ್ಮ ಚರ್ಮದಂತೆ ದೇಹದ ಜೊತೆ ಬೆಳೆಯುವುದಿಲ್ಲ. ಹಳೆಯ ಅಂಗಿ ಬಿಗಿಯಾದಾಗ ಒಳಗೆ ದೊಡ್ಡದೊಂದು ಅಂಗಿ ಸಿದ್ಧವಾಗಿ, ಹಳೆಯದು ಕಳಚಬೇಕು. ಹೀಗೆ ನಾಲ್ಕು ಬಾರಿ ನಡೆಯುತ್ತದೆ. ಆದ್ದರಿಂದ ಹುಳುವಿನ ಬಾಳಿನಲ್ಲಿ ನಾಲ್ಕು ಜ್ವರ, ಐದು ಹಂತ.

ಇದನ್ನು ನಡೆಸುವುದು ಹುಳುವಿನ ದೇಹದಲ್ಲೇ ಉತ್ಪತ್ತಿಯಾಗುವ ಒಂದು ರಸ. 1954ರಲ್ಲಿ ಬ್ಯುಟೆನಾಂಟ್ ಮತ್ತು ಕಾರ್ಲ್‌ಸನ್ ಎಂಬ ಜರ್ಮನ್ ವಿಜ್ಞಾನಿಗಳು ಅದನ್ನು ರೇಷ್ಮೆ ಹುಳುವಿನ ಕೋಶಗಳಿಂದಲೇ ಮೊದಲು ಬೇರ್ಪಡಿಸಿದರು. 500 ಕಿಲೋ ಕೋಶಗಳಿಂದ ಅವರಿಗೆ ಸಿಕ್ಕಿದ್ದು ಕೇವಲ 25 ಮಿಲಿಗ್ರಾಂ. ಅಷ್ಟು ಅಲ್ಪ ಪ್ರಮಾಣದ ವಸ್ತುವಿನಿಂದ ಇಡೀ ಚರ್ಮ ಬದಲಾಗುತ್ತದೆ ಎಂದರೆ ಸೃಷ್ಟಿಕರ್ತರ ಕೆಲಸ ಎಷ್ಟು ಸೂಕ್ಷ್ಮವೆಂದು ಊಹಿಸಬಹುದು.

ಜ್ವರಕ್ಕೆ ಕೂರುವ ಹುಳು ಮೊದಲು ತನ್ನ ಕಾಲುಗಳ ಕೆಳಗೆ ತೆಳುವಾದ ನೂಲು ಬಿಟ್ಟು ಹಾಸಿಗೆಗೆ ತನ್ನನ್ನು ಕಟ್ಟಿಕೊಳ್ಳುತ್ತದೆ. ಆಮೇಲೆ ತಲೆ ಎತ್ತಿ ನಿಶ್ಚಲವಾಗುತ್ತದೆ. ಮೈ ಮೇಣ ಹಚ್ಚಿದಂತೆ ಹೊಳೆಯುತ್ತದೆ, ತಲೆಯ ಹಿಂದೆ ಮೂರು ಮೂಲೆಯ ಕಂದು ಗುರುತು ಕಾಣುತ್ತದೆ. ಅದು ಒಳಗೆ ಸಿದ್ಧವಾಗುತ್ತಿರುವ ಹೊಸ ತಲೆ. ಹಳೆಯ ಮತ್ತು ಹೊಸ ಚರ್ಮದ ನಡುವೆ ಒಂದು ದ್ರವ ತುಂಬಿ ಎರಡನ್ನೂ ಬಿಡಿಸುತ್ತದೆ. ಕೊನೆಗೆ ಹಳೆಯ ತಲೆಚಿಪ್ಪು ಉದುರಿ, ಪೊರೆ ಸೀಳಿ, ಹುಳು ಮುಂದಕ್ಕೆ ತೆವಳಿ ಹೊರಬರುತ್ತದೆ. ನೂಲಿನಿಂದ ಕಟ್ಟಿಕೊಂಡ ಹಳೆಯ ಪೊರೆ ಹಿಂದೆಯೇ ಉಳಿಯುತ್ತದೆ. ಅನುಕೂಲ ಹವೆಯಲ್ಲಿ ಮೊದಲ ಮೂರು ಜ್ವರಗಳಿಗೆ ಸುಮಾರು ಒಂದು ದಿನ, ನಾಲ್ಕನೆಯದಕ್ಕೆ ಸುಮಾರು ಒಂದೂವರೆ ದಿನ ಬೇಕು.

ಚಳಿಯಲ್ಲಿ ಏಕೆ ತಡ?

ನಮ್ಮ ಮೈಗೆ ತನ್ನದೇ ಬಿಸಿ ಇದೆ. ಹುಳುವಿಗೆ ಇಲ್ಲ. ಕೋಣೆ ಎಷ್ಟು ಬಿಸಿಯೋ ಹುಳುವೂ ಅಷ್ಟೇ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ನಮ್ಮ ಕಡೆ ಉಷ್ಣಾಂಶ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಹುಳುವಿಗೆ ಬೇಕಾದದ್ದು ಮೂರನೇ ಹಂತದಲ್ಲಿ ಸುಮಾರು 26 ಡಿಗ್ರಿ, ನಾಲ್ಕರಲ್ಲಿ 25, ಐದರಲ್ಲಿ 24. ಇಪ್ಪತ್ತಕ್ಕಿಂತ ಕೆಳಗೆ ಹೋದರೆ ಅದರ ದೇಹದ ಎಲ್ಲ ಕೆಲಸವೂ ನಿಧಾನವಾಗುತ್ತದೆ. ತಿನ್ನುವುದು ಕಡಿಮೆ, ಅರಗುವುದು ಕಡಿಮೆ, ಪೊರೆ ಬಿಡುವುದೂ ತಡ.

ತಟ್ಟೆಯ ಅಥವಾ ಅಟ್ಟಣೆಯ ಎಲ್ಲ ಭಾಗದಲ್ಲೂ ಒಂದೇ ಬಿಸಿ ಇರುವುದಿಲ್ಲ. ಬಾಗಿಲ ಬಳಿ, ಕೆಳಗಿನ ಅಂಕಣದಲ್ಲಿ ಇರುವ ಹುಳು ತಡವಾಗಿ ಕೂರುತ್ತದೆ. ಮೇಲಿನದು ಬೇಗ ಏಳುತ್ತದೆ. ಮುಂದೆ ಬೆಳೆ ಏರುಪೇರಾಗುವುದು ಇಲ್ಲಿಂದಲೇ. ಚಳಿಯಲ್ಲಿ ತಿನ್ನದೆ ಉಳಿದ ಸೊಪ್ಪು ಹಾಸಿಗೆಯನ್ನು ಒದ್ದೆ ಮಾಡುತ್ತದೆ. ತಂಪೂ ತೇವವೂ ಸೇರಿದಲ್ಲಿ ಸುಣ್ಣಕಟ್ಟು ರೋಗ ಕಾದಿರುತ್ತದೆ.

ಪೊರೆ ಸಿಕ್ಕಿಕೊಳ್ಳುವುದು ಏಕೆ?

ಚಳಿಗೆ ಹೆದರಿ ಕೋಣೆಯೆಲ್ಲ ಮುಚ್ಚಿ, ಹೀಟರು ಹಚ್ಚಿ ಗಾಳಿಯನ್ನು ತೀರ ಒಣಗಿಸಿದರೆ ಚರ್ಮಗಳ ನಡುವಿನ ದ್ರವ ಬತ್ತಿ ಪೊರೆ ಅಂಟಿಕೊಳ್ಳುತ್ತದೆ. ಕಿಟಕಿಯಿಂದ ನೇರವಾಗಿ ಬೀಸುವ ಒಣಗಾಳಿಯೂ ಹಾಗೆಯೇ. ಜ್ವರದ ಹುಳುವನ್ನು ಕೈಯಿಂದ ಎತ್ತಿ ಬೇರೆ ತಟ್ಟೆಗೆ ಹಾಕಿದರೆ, ಅದು ಕಟ್ಟಿಕೊಂಡ ನೂಲು ಹರಿದು ಪೊರೆಯನ್ನು ಹಿಡಿದಿಡುವ ಆಧಾರ ತಪ್ಪುತ್ತದೆ. ಒಮ್ಮೆ ಕಟ್ಟಿಕೊಂಡ ನೂಲನ್ನು ಮತ್ತೆ ಕಟ್ಟಲು ಅದಕ್ಕೆ ಶಕ್ತಿ ಇರುವುದಿಲ್ಲ.

ರೋಗದಿಂದಲೂ ಹೀಗಾಗಬಹುದು. ಹಾಲುತೊಂಡೆ ತಗುಲಿದ ಹುಳು ಜ್ವರಕ್ಕೇ ಕೂರದೆ, ಮೈ ಹೊಳೆಯುತ್ತಾ ತಟ್ಟೆಯ ಅಂಚಿನಲ್ಲಿ ಅಲೆಯುತ್ತದೆ. ಗಂಟುರೋಗವಿದ್ದರೆ ಹುಳುಗಳು ಏರುಪೇರಾಗಿ, ಜ್ವರವೂ ಹಿಂದುಮುಂದಾಗುತ್ತದೆ.

ಇನ್ನೊಂದು ಕಾರಣ ನಮ್ಮ ಹೊಲದ ಪಕ್ಕದಲ್ಲೇ ಇದೆ. ಗುಲಾಬಿ, ಟೊಮೆಟೊ, ಕೋಸಿಗೆ ಹೊಡೆಯುವ ಔಷಧಿಗಳಲ್ಲಿ ಕೆಲವು ಕೀಟದ ಹೊಸ ಚರ್ಮ ಬೆಳೆಯದಂತೆ ತಡೆಯಲೆಂದೇ ತಯಾರಾದವು. ನೊವಾಲ್ಯುರಾನ್ ಅಂಥದೊಂದು. ಅದಕ್ಕೆ ಕಾಯಿಕೊರಕವೂ ಒಂದೇ, ರೇಷ್ಮೆ ಹುಳುವೂ ಒಂದೇ. ಗಾಳಿಯಲ್ಲಿ ತೇಲಿಬಂದು ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೆ ಹುಳು ಜ್ವರದಲ್ಲೇ ಸಾಯುತ್ತದೆ. ಪಕ್ಕದ ಹೊಲದ ಅಣ್ಣ ತಮ್ಮಂದಿರೊಡನೆ ಮುಂಚೆಯೇ ಮಾತಾಡಿಕೊಳ್ಳಿರಿ. ಯಾವ ದಿನ ಹೊಡೆಯುತ್ತಾರೆಂದು ತಿಳಿದರೆ ಆ ಬದಿಯ ಸಾಲುಗಳ ಸೊಪ್ಪನ್ನು ಬಿಡಬಹುದು. ಹುಳು ಸತ್ತ ಮೇಲೆ ಜಗಳವಾಡಿ ಪ್ರಯೋಜನವಿಲ್ಲ.

ನಾವು ಮಾಡಬೇಕಾದದ್ದು

1. ಕೋಣೆಯಲ್ಲಿ ಒಣ-ಒದ್ದೆ ಬಲ್ಬಿನ ಥರ್ಮಾಮೀಟರ್ ತೂಗುಹಾಕಿರಿ. ಕೈಯ ಅಂದಾಜು ಸಾಲದು. ಬೆಳಗಿನ ಜಾವ ಒಮ್ಮೆ ನೋಡುವುದು ಮುಖ್ಯ. ಆಗಲೇ ಚಳಿ ಹೆಚ್ಚು.

2. ಇಬ್ಬನಿ ಆರಿದ ಮೇಲೆ ಸೊಪ್ಪು ಕೊಯ್ಯಿರಿ. ಒದ್ದೆ ಸೊಪ್ಪು ಕೊಡಬೇಡಿರಿ. ಬಲಿತ ಒರಟು ಸೊಪ್ಪು ತಿಂದ ಹುಳುವಿಗೆ ಜ್ವರ ಕಳೆಯುವ ಶಕ್ತಿ ಕಡಿಮೆ.

3. ಹುಳುಗಳು ಜ್ವರಕ್ಕೆ ಕೂರತೊಡಗಿದಾಗ ಸೊಪ್ಪನ್ನು ಕಡಿಮೆ ಮಾಡಿ, ಹಾಸಿಗೆಯನ್ನು ತೆಳ್ಳಗೆ ಹರಡಿ, ಹೆಚ್ಚಿನವು ಕೂತ ಮೇಲೆ ಅರಳಿದ ಸುಣ್ಣದ ಪುಡಿಯನ್ನು ತೆಳುವಾಗಿ ಉದುರಿಸಿರಿ. ಉಳಿದ ಸೊಪ್ಪು ಒಣಗುತ್ತದೆ, ಮೊದಲು ಎದ್ದ ಹುಳು ತಿನ್ನತೊಡಗುವುದಿಲ್ಲ.

4. ಜ್ವರದಲ್ಲಿ ಕೋಣೆಯ ತೇವ 60ರಿಂದ 70ರಷ್ಟಿರಲಿ. ಅದಕ್ಕಿಂತ ಬಹಳ ಕೆಳಗಿಳಿದರೆ ಹೀಟರಿನ ಬಳಿ ಒಂದು ಬೋಗುಣಿ ನೀರಿಡಿರಿ. ಹುಳುವಿನ ಮೇಲೆ ನೀರು ಚಿಮುಕಿಸಬೇಡಿರಿ. ಗಾಳಿಯಾಡಲಿ, ಆದರೆ ನೇರವಾಗಿ ಬೀಸದಿರಲಿ.

5. ಮುಟ್ಟಬೇಡಿರಿ, ಅಲುಗಿಸಬೇಡಿರಿ, ಪೊರೆ ಎಳೆಯಬೇಡಿರಿ. ಒಳಗಿನ ಹೊಸ ಚರ್ಮ ಇನ್ನೂ ಎಳೆಯದು. ಎಳೆದರೆ ಅದೂ ಕಿತ್ತುಬರುತ್ತದೆ. ಮಕ್ಕಳಿಗೂ ಇದನ್ನು ತಿಳಿಸಿ ಹೇಳಿರಿ.

6. ನೂರಕ್ಕೆ 90ರಿಂದ 95 ಹುಳು ಎದ್ದ ಮೇಲೆಯೇ ಸೊಪ್ಪು ಕೊಡಬೇಕು. ಮೊದಲು ಎದ್ದವು ಹಸಿದಿವೆ ಎಂದು ಮರುಗಿ ಆಗಲೇ ಕೊಟ್ಟರೆ ಬೆಳೆ ಎರಡು ಭಾಗವಾಗುತ್ತದೆ. ಎದ್ದ ಹುಳುವಿನ ಹೊಸ ಬಾಯಿ ಗಟ್ಟಿಯಾಗಲೂ ಸ್ವಲ್ಪ ಹೊತ್ತು ಬೇಕು. ಸೊಪ್ಪು ಕೊಡುವ ಅರ್ಧ ಗಂಟೆ ಮೊದಲು ವಿಜೇತ ಮೊದಲಾದ ಹಾಸಿಗೆ ಸೋಂಕುನಿವಾರಕ ಪುಡಿಯನ್ನು ಪೊಟ್ಟಣದಲ್ಲಿ ಹೇಳಿದ ಅಳತೆಯಂತೆ ಉದುರಿಸಿರಿ.

7. ಆಮೇಲೂ ಏಳದ ಹುಳುಗಳಿದ್ದರೆ ಬಲೆ ಹಾಸಿ ಅದರ ಮೇಲೆ ಸೊಪ್ಪು ಹಾಕಿರಿ. ಎದ್ದವು ಮೇಲೆ ಹತ್ತುತ್ತವೆ. ಕೆಳಗೆ ಉಳಿದವನ್ನು ಬೇರೆಯಾಗಿ, ಬೆಚ್ಚಗಿನ ಜಾಗದಲ್ಲಿಟ್ಟು ಕಾಯಿರಿ. ಆಗಲೂ ಏಳದಿದ್ದರೆ ಮರುಕ ಬೇಡ. ಆರಿಸಿ ಬ್ಲೀಚಿಂಗ್ ಪುಡಿಯ ನೀರಿಗೆ ಹಾಕಿ, ದೂರದಲ್ಲಿ ಹೂಳಿರಿ ಅಥವಾ ಸುಡಿರಿ. ಕೋಳಿಗೆ ಎಸೆಯಬೇಡಿರಿ. ಕೋಳಿಯ ಹಿಕ್ಕೆಯಿಂದ ರೋಗ ಮತ್ತೆ ಅಂಗಳಕ್ಕೇ ಬರಬಹುದು.

ಈಗ ನಮ್ಮಲ್ಲಿ ಬಹಳ ಮಂದಿ ಚಾಕಿ ಕೇಂದ್ರದಿಂದ ಎರಡನೇ ಜ್ವರದ ಹುಳುವನ್ನೇ ತರುತ್ತಾರೆ. ಆದ್ದರಿಂದ ನಮ್ಮ ಕೈಗೆ ಬರುವುದು ಮೂರು ಮತ್ತು ನಾಲ್ಕನೇ ಜ್ವರ. ನಾಲ್ಕನೆಯದಕ್ಕೆ ಹೆಚ್ಚು ಗಮನ ಬೇಕು. ಹುಳು ಬಾಳೆಲ್ಲ ತಿನ್ನುವ ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲು ಆ ಜ್ವರ ಎದ್ದ ಮೇಲಿನದು. ಅಲ್ಲಿ ಏರುಪೇರಾದರೆ ಸೊಪ್ಪು, ಕೂಲಿ, ಚಂದ್ರಿಕೆ ಎಲ್ಲದರಲ್ಲೂ ನಷ್ಟ.

ಸುಣ್ಣಕಟ್ಟು ರೋಗ

ಈ ರೋಗ ತಗುಲಿದ ಹುಳು ಸತ್ತು ಗಟ್ಟಿಯಾಗಿ ಸುಣ್ಣದ ಕಡ್ಡಿಯಂತೆ ಬೆಳ್ಳಗಾಗುತ್ತದೆ. ಇದು ಚರ್ಮದ ಮೂಲಕ ಒಳಗೆ ಇಳಿಯುವ ಒಂದು ಬೂಷ್ಟು. 1835ರಲ್ಲಿ ಇಟಲಿಯ ಅಗೊಸ್ತಿನೊ ಬಾಸ್ಸಿ ಎಂಬವರು ಇದನ್ನು ತೋರಿಸಿಕೊಟ್ಟರು. ಕಣ್ಣಿಗೆ ಕಾಣದ ಜೀವಿಯಿಂದ ಪ್ರಾಣಿಗೆ ರೋಗ ಬರುತ್ತದೆಂದು ಪ್ರಯೋಗದಿಂದ ಸಿದ್ಧವಾದ ಮೊದಲ ಪ್ರಸಂಗಗಳಲ್ಲಿ ಇದೊಂದು. ಲೂಯಿ ಪಾಶ್ಚರ್ ರೇಷ್ಮೆ ಹುಳುವಿನ ರೋಗಗಳನ್ನು ಪರೀಕ್ಷಿಸಿದ್ದು ಅದಕ್ಕೆ 30 ವರ್ಷಗಳ ನಂತರ. ನಾವು ಇಂದು ಆಸ್ಪತ್ರೆಯಲ್ಲಿ ಕಾಣುವ ಶುಚಿತ್ವದ ಪಾಠಕ್ಕೆ ಈ ಪುಟ್ಟ ಹುಳುವೂ ಒಂದು ಕಾರಣ. ಸತ್ತ ಹುಳು ಬೆಳ್ಳಗಾಗುವ ಮೊದಲೇ ತೆಗೆದುಹಾಕಿರಿ. ಬೆಳ್ಳಗಾದ ಮೇಲೆ ಅದರ ಪುಡಿ ಗಾಳಿಯಲ್ಲಿ ಹಾರಿ ಇಡೀ ಮನೆಗೆ ಹರಡುತ್ತದೆ.

ಮನುಷ್ಯರ ಜೀವದ ಮಾತು

ಇನ್ನು ಹೇಳುವುದನ್ನು ದಯವಿಟ್ಟು ಮನೆಯವರೆಲ್ಲರೂ ಕೂತು ಓದಿರಿ. ಕೋಣೆ ಬೆಚ್ಚಗಿಡಲು ಅಗ್ಗಿಷ್ಟಿಕೆಯಲ್ಲಿ ಇಜ್ಜಿಲು ಹಚ್ಚಿ, ಬಾಗಿಲು ಮುಚ್ಚಿ, ಹುಳು ಕಾಯಲೆಂದು ಅಲ್ಲೇ ಮಲಗುವ ವಾಡಿಕೆ ಇನ್ನೂ ಕೆಲವು ಮನೆಗಳಲ್ಲಿ ಇದೆ. ಮುಚ್ಚಿದ ಕೋಣೆಯಲ್ಲಿ ಇಜ್ಜಿಲು ಉರಿದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಕಾಣಿಸದ ನಿಗಿನಿಗಿ ಕೆಂಡದಿಂದಲೂ ಅದು ಬರುತ್ತದೆ. ರಕ್ತದಲ್ಲಿ ಪ್ರಾಣವಾಯುವಿನ ಜಾಗವನ್ನು ಅದು ಹಿಡಿದುಬಿಡುತ್ತದೆ. ನಿದ್ದೆಯಲ್ಲಿದ್ದವರಿಗೆ ತಿಳಿಯುವುದೇ ಇಲ್ಲ.

ಆದ್ದರಿಂದ ಕೆಂಡವಿರುವ ಕೋಣೆಯಲ್ಲಿ ಯಾರೂ ಮಲಗಕೂಡದು. ಮಕ್ಕಳು, ಗರ್ಭಿಣಿಯರು, ಅಜ್ಜ ಅಜ್ಜಿಯರು ಅಲ್ಲಿ ಕೂರುವುದೂ ಬೇಡ. ಅನುಕೂಲವಿದ್ದವರು ತಾನೇ ನಿಲ್ಲುವ ವಿದ್ಯುತ್ ಹೀಟರು ಇಡಿರಿ. ಇಜ್ಜಿಲೇ ಗತಿಯೆಂದಾದರೆ ಹೊರಗೆ ಹಚ್ಚಿ, ಚೆನ್ನಾಗಿ ಕೆಂಡವಾದ ಮೇಲೆ ಒಳಗೆ ತಂದು, ಮೇಲಿನ ಕಿಂಡಿ ತೆರೆದಿಟ್ಟು, ಕೋಣೆ ಬೆಚ್ಚಗಾದೊಡನೆ ಹೊರಗೆ ಒಯ್ಯಿರಿ. ಅಲ್ಲಿದ್ದವರಿಗೆ ತಲೆನೋವು, ವಾಕರಿಕೆ, ತಲೆಸುತ್ತು, ಮಂಪರು ಬಂದರೆ ಕೂಡಲೇ ಬಯಲಿಗೆ ಕರೆತಂದು 108ಕ್ಕೆ ಫೋನ್ ಮಾಡಿರಿ. ಸುಣ್ಣ, ಬ್ಲೀಚಿಂಗ್ ಪುಡಿ ಉದುರಿಸುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿರಿ. ಉಬ್ಬಸವಿರುವ ಅಮ್ಮಂದಿರಿಗೆ ಆ ಕೆಲಸ ಕೊಡಬೇಡಿರಿ.

ಹಬ್ಬದ ರಾತ್ರಿ

ಎರಡನೇ ಜ್ವರದ ಹುಳುವನ್ನು ಡಿಸೆಂಬರ್ 13, 14ರ ಸುಮಾರಿಗೆ ತಂದವರಿಗೆ ನಾಲ್ಕನೇ ಜ್ವರ ಕ್ರಿಸ್ತಜಯಂತಿಯ ಹೊತ್ತಿಗೇ ಬರಬಹುದು. "ಹುಳು ಜ್ವರದಲ್ಲಿದೆ, ಪೂಜೆಗೆ ಬರೋದು ಹೇಗೆ?" ಎಂದು ಕೇಳುವವರಿದ್ದಾರೆ. ಜ್ವರದ ಹುಳುವಿಗೆ ಸೊಪ್ಪು ಬೇಡ, ನಿಮ್ಮ ಕೈಯೂ ಬೇಡ. ಹಾಸಿಗೆ ಒಣಗಿಸಿ, ಸುಣ್ಣ ಹಾಕಿ, ಬೆಂಕಿ ಇದ್ದರೆ ಪೂರ್ತಿ ಆರಿಸಿ ಮನೆಮಂದಿಯೆಲ್ಲ ಬನ್ನಿರಿ. ಎದ್ದ ಮೇಲೆ ಒಂದು ವಾರ ದುಡಿಮೆ ಇದ್ದೇ ಇದೆ.

ಅವಿಲಾದ ಸಂತ ತೆರೆಸಾ 1577ರಲ್ಲಿ ಬರೆದ ಗ್ರಂಥದಲ್ಲಿ ಆತ್ಮದ ಮಾರ್ಪಾಟನ್ನು ತಿಳಿಸಲು ರೇಷ್ಮೆ ಹುಳುವನ್ನೇ ಆರಿಸಿಕೊಂಡರು. ಹಳೆಯ ಮನುಷ್ಯನನ್ನು ಕಳಚಿ ಹೊಸಬನನ್ನು ಧರಿಸುವ ವಿಚಾರವನ್ನು ಸಂತ ಪೌಲರು ಕೊಲೊಸ್ಸೆಯರಿಗೆ ಬರೆದ ಪತ್ರದಲ್ಲಿ ಎತ್ತಿದ್ದಾರೆ. ಹುಳುವಿನ ಪೊರೆಯನ್ನು ನಾವು ಎಳೆದು ತೆಗೆಯಲಾರೆವು. ಬೆಚ್ಚನೆಯ, ಒಣಗಿದ, ಶಾಂತವಾದ ಜಾಗ ಕೊಟ್ಟು ಕಾಯಬಲ್ಲೆವು. ಬೆಳೆಯುವ ಮಕ್ಕಳಿರುವ ಮನೆಗಳಲ್ಲೂ ಇದನ್ನು ನೆನೆಯಬಹುದು.

ನಿಮ್ಮ ಬೆಳೆಯನ್ನೂ ಮನೆಯವರನ್ನೂ ದೇವರು ಕಾಪಾಡಲಿ.